ಒದ್ದೆ ಮಸಿ

ಹೊಗೆಯನ್ನು ಕುರಿತೂ ಒಂದು ಪ್ರಬಂಧವೇ ಎಂದು ಸಂಪಾದಕ ಸಮಿತಿಯ ಮಿತ್ರರು ಮೂಗು ಮುರಿದರೆ ನನಗೆ ಬೇಸರವಿಲ್ಲ. ನಮ್ಮ ಹಿಂದಿನ ತಾರ್ಕಿಕರು ಮೂಗು ಮುರಿಯದೆ ಶತಮಾನಗಳ ಕಾಲ ಹೊಗೆಯ ಬೆನ್ನು ಹತ್ತಿದ್ದರು. ಬೆಟ್ಟದ ಮೇಲೆ ಹೊಗೆ ಕಾಣುತ್ತದೆ, ಆದ್ದರಿಂದ ಅಲ್ಲಿ ಬೆಂಕಿಯಿದೆ, ಅಡುಗೆಮನೆಯಲ್ಲಿ ಹೇಗೋ ಹಾಗೆ. ಅನುಮಾನವೆಂಬ ಪ್ರಮಾಣಕ್ಕೆ ಅವರು ಮತ್ತೆ ಮತ್ತೆ ಕೊಡುವ ಉದಾಹರಣೆ ಇದು. ತರ್ಕಸಂಗ್ರಹವನ್ನು ಬರೆದ ಅನ್ನಂಭಟ್ಟ ಇದನ್ನು ತಿರುಗಿಸಿಯೂ ನೋಡಿದ್ದಾನೆ. ಹೊಗೆಯಿದ್ದಲ್ಲಿ ಬೆಂಕಿಯುಂಟು, ಸರಿ, ಬೆಂಕಿಯಿದ್ದಲ್ಲೆಲ್ಲ ಹೊಗೆಯುಂಟೆ? ಇಲ್ಲ. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಹೊಗೆ ಬರಬೇಕಾದರೆ ಬೆಂಕಿಗೆ ಹಸಿ ಸೌದೆಯ ಸಂಬಂಧವಾಗಬೇಕು. ಇದಕ್ಕೆ ಅವರು ಇಟ್ಟ ಹೆಸರು ಆರ್ದ್ರೇಂಧನ ಸಂಯೋಗ. ಈ ಮಾತನ್ನು ನಾನು ಕೇಳಿದ್ದು ತರಗತಿಯಲ್ಲಿ. ಅದರ ರುಚಿ ಹತ್ತಿದ್ದು ಬಾಳ್ಳುಪೇಟೆಯಲ್ಲಿ, ರಸ್ತೆ ಬದಿಯ ಒಂದು ತಗಡಿನ ಷೆಡ್ಡಿನೊಳಗೆ, ಒಂದು ಹಳೆಯ ಅಂಬಾಸಡರ್ ಕಾರಿನ ಹಿಂದೆ ಕುಕ್ಕರುಗಾಲಿನಲ್ಲಿ ಕುಳಿತಿದ್ದಾಗ.

ಷೆಡ್ಡು ನಮ್ಮ ತಂದೆಯವರದು. ಹಾಸನದಿಂದ ಸಕಲೇಶಪುರಕ್ಕೆ ಹೋಗುವ ಹೆದ್ದಾರಿಯ ಮೇಲಿದೆ. ಈ ಹೆದ್ದಾರಿಗೆ ಮೊದಲು 48 ಎಂಬ ಸಂಖ್ಯೆಯಿತ್ತು, ಈಗ 75. ಸಂಖ್ಯೆ ಬದಲಾದದ್ದನ್ನು ಅಪ್ಪ ಇನ್ನೂ ಒಪ್ಪಿಕೊಂಡಿಲ್ಲ. ನಮ್ಮ ಕಡೆಯ ಚಳಿಗಾಲದ ಬೆಳಗನ್ನು ಕಂಡವರಿಗೆ ಗೊತ್ತು: ಎಂಟು ಗಂಟೆಯವರೆಗೆ ತೋಟ ಯಾವುದು, ರಸ್ತೆ ಯಾವುದು, ಎದುರಿಗೆ ಬರುವ ಲಾರಿ ಯಾವುದು ಎಂದು ತಿಳಿಯದಷ್ಟು ಮಂಜು. ಆವಿಯನ್ನು ಹೊಗೆಯೆಂದು ಬಗೆದು ಬೆಂಕಿಯನ್ನು ಊಹಿಸಬೇಡಿರೆಂದು ತಾರ್ಕಿಕರು ಎಚ್ಚರಿಕೆ ಹೇಳಿದ್ದಾರಂತೆ. ಅವರಲ್ಲಿ ಒಬ್ಬರಾದರೂ ಮಲೆನಾಡಿನವರಿದ್ದಿರಬೇಕು.

ಆ ಅಂಬಾಸಡರು ನಮ್ಮೂರಿನ ಹತ್ತಿರದ ತೋಟದ ಗೌಡರೊಬ್ಬರದು. 1964ರ ಗಾಡಿ, ಮಾರ್ಕ್ 2. ಅಂಬಾಸಡರಿನ ಕುಲಗೋತ್ರ ಎಲ್ಲರಿಗೂ ತಿಳಿದದ್ದೇ: ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚು, ಬಂಗಾಳದ ಉತ್ತರಪಾರಾದಲ್ಲಿ ಹಿಂದೂಸ್ತಾನ್ ಮೋಟಾರ್ಸಿನವರು ಎರಕ ಹೊಯ್ದದ್ದು, ಐವತ್ತಕ್ಕೂ ಹೆಚ್ಚು ವರ್ಷ ನಡೆದ ಆ ಕಾರ್ಖಾನೆಯ ಬಾಗಿಲು 2014ರಲ್ಲಿ ಮುಚ್ಚಿತು. ಗೌಡರ ಗಾಡಿಯ ಇಂಜಿನ್ನು 1489 ಸಿ.ಸಿ., ನಾಲ್ಕು ಸಿಲಿಂಡರು, ಇಂಗ್ಲೆಂಡಿನವರದೇ ವಿನ್ಯಾಸ. 2021ರಲ್ಲಿ ಕೇಂದ್ರ ಸರ್ಕಾರ ಮಾಡಿದ ನಿಯಮದಂತೆ, ಮೊದಲ ನೋಂದಣಿಯಿಂದ ಐವತ್ತು ವರ್ಷ ಕಳೆದು ಮೂಲರೂಪದಲ್ಲೇ ಉಳಿದ ಗಾಡಿಯನ್ನು 'ವಿಂಟೇಜ್' ಎಂದು ಬರೆಸಿಕೊಂಡು ಫಲಕದ ಮೇಲೆ 'ವಿಎ' ಎಂಬ ಅಕ್ಷರಗಳನ್ನು ಪಡೆಯಬಹುದು. ಆದರೆ ಹಾಗೆ ಬರೆಸಿಕೊಂಡ ಗಾಡಿಯನ್ನು ಪ್ರದರ್ಶನಕ್ಕೋ ರ್‍ಯಾಲಿಗೋ ಕೊಂಡೊಯ್ಯಬಹುದೇ ಹೊರತು ದಿನನಿತ್ಯ ಓಡಿಸುವಂತಿಲ್ಲ. ಗೌಡರು ಅದನ್ನು ಕೇಳಿ, "ಅದು ಗಾಡಿಗೆ ಪಿಂಚಣಿ ಕೊಟ್ಟು ಮೂಲೆಗೆ ಕೂರ್ಸಿದ ಹಾಗೆ" ಎಂದು ಕೈಬಿಟ್ಟಿದ್ದರು. ಅವರಿಗೆ ದಿನವೂ ಗಾಡಿ ಬೇಕು. ಬೇಕಾದ ದೂರವಾದರೂ ಎಷ್ಟು? ಮನೆಯಿಂದ ಪೇಟೆಗೆ ಎರಡು ಮೈಲಿ. ಅಲ್ಲಿ ಪತ್ರಿಕೆ ಕೊಂಡು, ಹೋಟೆಲಿನಲ್ಲಿ ಒಂದು ಲೋಟ ಕಾಫಿ ಕುಡಿದು ಹಿಂದಿರುಗಿದರೆ ಆ ದಿನದ ಯಾತ್ರೆ ಮುಗಿಯಿತು. ತೋಟದ ತುಂಬ ಕಾಫಿಯಿಟ್ಟುಕೊಂಡು ಹೋಟೆಲಿಗೆ ಬರುವುದೇಕೆಂದು ಕೇಳಬಾರದು. ಅದು ಬೇರೆಯೇ ಒಂದು ಪ್ರಬಂಧ.

ಕಳೆದ ಜನವರಿಯಲ್ಲಿ ಗೌಡರ ಮೊಮ್ಮಗಳ ಮದುವೆ ನಿಶ್ಚಯವಾಗಿ ಮನೆಗೆಲ್ಲ ಸುಣ್ಣ ಬಳಿಸಿದರು. ಮೂರನೆಯ ದಿನ ನೋಡಿದರೆ ಗಾಡಿ ನಿಲ್ಲಿಸುವ ಮಾಡಿನ ಹಿಂದಿನ ಗೋಡೆಯ ಮೇಲೆ, ಸೊಂಟದಷ್ಟು ಎತ್ತರಕ್ಕೆ, ಕಾಡಿಗೆಯನ್ನು ನೀರಿನಲ್ಲಿ ಕಲಸಿ ಎರಚಿದಂತೆ ಕಪ್ಪು ಚುಕ್ಕೆಗಳು. ಸುಣ್ಣದವನನ್ನು ಮತ್ತೆ ಕರೆಸಿದರು. ನಾಲ್ಕು ದಿನಕ್ಕೆ ಅದೇ ಗೋಡೆ, ಅದೇ ಚುಕ್ಕೆ. ಬೀಗರ ಕಡೆಯ ಹಿರಿಯರೊಬ್ಬರು ಗಾಡಿಯ ಹಿಂದೆ ನಿಂತು ಮಾತಾಡುತ್ತಿದ್ದಾಗ ಅವರ ಮಲ್ಲು ಪಂಚೆಯೂ ಗೋಡೆಯ ಗತಿಯನ್ನೇ ಕಂಡಿತು. ಅಲ್ಲಿಗೆ ವಿಷಯ ಗಂಭೀರವಾಯಿತು.

ಗೌಡರು ಮೊದಲು ಗಾಡಿಯನ್ನು ದೊಡ್ಡ ಊರಿನ ಒಂದು ಗ್ಯಾರೇಜಿಗೆ ಕಳಿಸಿದರು. ಕೊಳವೆಯಿಂದ ನೀರು ಬರುತ್ತಿರುವುದನ್ನು ನೋಡಿ, ಇಂಜಿನ್ನಿಗೆ ಎಣ್ಣೆ ಹೊಯ್ಯುವ ಮುಚ್ಚಳವನ್ನು ತೆಗೆದು, ಅದರ ಒಳಮೈಗೆ ಮಜ್ಜಿಗೆಯ ಕೆನೆಯಂತೆ ಮೆತ್ತಿದ್ದ ಬಿಳಿಯ ಲೋಳೆಯನ್ನು ತೋರಿಸಿ, ಹೆಡ್ ಗ್ಯಾಸ್ಕೆಟ್ಟು ಹೋಗಿದೆ, ರೇಡಿಯೇಟರಿನ ನೀರು ಸಿಲಿಂಡರಿಗೆ ಇಳಿಯುತ್ತಿದೆ, ಹೆಡ್ಡು ಬಿಚ್ಚಬೇಕು ಎಂದರು ಅವರು. ಇನ್ನೊಂದು ಗ್ಯಾರೇಜಿನವರು ಮಸಿಯನ್ನು ನೋಡಿ, ಇದು ಎಣ್ಣೆ ಸುಡುವ ಲಕ್ಷಣ, ರಿಂಗು ಸವೆದಿದೆ, ಇಂಜಿನ್ನನ್ನೇ ಇಳಿಸಿ ಬೋರು ಮಾಡಿಸಬೇಕು ಎಂದರು. ಎರಡನೆಯವರು ಹೇಳಿದ ಲೆಕ್ಕಕ್ಕೆ ಗೌಡರ ಒಂದು ವರ್ಷದ ಮೆಣಸಿನ ಹಣ ಸಾಲದು. ಬೆಂಗಳೂರಿನಲ್ಲಿರುವ ಅವರ ಮಗ, "ಗುಜರಿಗೆ ಹಾಕಿಬಿಡಿ, ಹೊಸದು ಕೊಡಿಸುತ್ತೇನೆ" ಎಂದು ಫೋನು ಮಾಡಿದ. ಗುಜರಿಯವನು ಬಂದು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬಾನೆಟ್ಟನ್ನು ಬೆರಳಿನಿಂದ ತಟ್ಟಿ, ಒಂದು ಬೆಲೆಯನ್ನೂ ಹೇಳಿ ಹೋದ. ಬಾನೆಟ್ಟನ್ನು ಹಾಗೆ ತಟ್ಟಿದ್ದು ಗೌಡರಿಗೆ ಹಿಡಿಸಲಿಲ್ಲವೆಂದು ಕಾಣುತ್ತದೆ. ಮರುದಿನ ಬೆಳಿಗ್ಗೆ ಗಾಡಿ ನಮ್ಮ ಷೆಡ್ಡಿನ ಮುಂದೆ ಕೆಮ್ಮುತ್ತ ನಿಂತಿತ್ತು.

"ಏನ್ ಮೇಸ್ತ್ರಿ, ಬಿಚ್ಚದೋ, ಮಾರದೋ? ಒಂದ್ ಮಾತು ಹೇಳಿಬಿಡು."

"ಒಂದ್ ರಾತ್ರಿ ಬಿಟ್ಟೋಗಿ ಗೌಡ್ರೇ. ಅದು ತಣ್ಣಗಾಗ್ಲಿ" ಎಂದರು ಅಪ್ಪ.

ಇಲ್ಲಿ ಒಂದು ಸಂಗತಿಯನ್ನು ಹೇಳಬೇಕು. ಹೊಸ ಗಾಡಿಗಳೆಲ್ಲ ಈಗ ಕಂಪನಿಯ ಷೋರೂಮುಗಳಿಗೆ ಹೋಗುತ್ತವೆ. ಅವುಗಳ ರೋಗವನ್ನು ಹೇಳುವುದು ಗಣಕಯಂತ್ರ. ನಮ್ಮ ಷೆಡ್ಡಿಗೆ ಬರುವುವು ಟ್ರ್ಯಾಕ್ಟರು, ಹಳೆಯ ಜೀಪು, ಕಾಫಿ ಪಲ್ಪರಿನ ಮೋಟಾರು, ಮಳೆಗಾಲದಲ್ಲಿ ಕೈಕೊಟ್ಟ ಸ್ಕೂಟರು. ಒಂದು ಇಂಜಿನ್ನು ಪೂರ್ತಿ ಇಳಿಸುವ ಕೆಲಸ ಬಂದರೆ ಅಪ್ಪನಿಗೆ ಹದಿನೈದು ದಿನದ ಕೂಲಿ. ನನ್ನ ಕೊನೆಯ ವರ್ಷದ ಪರೀಕ್ಷಾ ಶುಲ್ಕ ಕಟ್ಟಲು ಆಗ ಒಂಬತ್ತು ದಿನ ಉಳಿದಿತ್ತು. ಬಿಚ್ಚಬೇಕೆಂದು ಆಗಲೇ ಎರಡು ಕಡೆ ಹೇಳಿಯಾಗಿದೆ; ಮೂರನೆಯವರೂ ಹಾಗೆಂದರೆ ಯಾರೂ ಬೆರಳೆತ್ತಿ ಕೇಳುವಂತಿರಲಿಲ್ಲ. ಬಿಚ್ಚಬೇಡಿ ಎಂದು ಹೇಳಿ, ಆಮೇಲೆ ನಿಜಕ್ಕೂ ಗ್ಯಾಸ್ಕೆಟ್ಟೇ ಹೋಗಿದ್ದು, ಮದುವೆಯ ದಿನ ಗಾಡಿ ನಡುದಾರಿಯಲ್ಲಿ ನಿಂತಿದ್ದರೆ, ಬಾಳ್ಳುಪೇಟೆಯಲ್ಲಿ ಅಪ್ಪನ ಮೂವತ್ತು ವರ್ಷದ ಹೆಸರು ಒಂದೇ ದಿನಕ್ಕೆ ತೀರುತ್ತಿತ್ತು. ಈ ಲೆಕ್ಕವನ್ನೆಲ್ಲ ಹಾಕಿದ್ದು ನಾನು. ಅಪ್ಪ ರಾತ್ರಿ ಊಟ ಮಾಡಿ, ನಾಲ್ಕೂವರೆಗೆ ಏಳಿಸೆಂದು ಹೇಳಿ ಮಲಗಿದರು.

ಬೆಳಗಿನ ಐದಕ್ಕೆ ಷೆಡ್ಡಿನಲ್ಲಿ ನಮ್ಮ ಪರೀಕ್ಷೆ ಮೊದಲಾಯಿತು. ಅಪ್ಪ ಕೇಳಿದ್ದು ಬಿಳಿಯ ಕಾಗದ. ಒಂದು ಬದಿ ಖಾಲಿಯಿದ್ದ ನನ್ನ ಹಳೆಯ ಅರ್ಥಶಾಸ್ತ್ರದ ಟಿಪ್ಪಣಿಗಳನ್ನು ತಂದುಕೊಟ್ಟೆ. ಗಾಡಿಯನ್ನು ಚಾಲೂ ಮಾಡಿ, ಹೊಗೆಕೊಳವೆಯ ಬಾಯಿಗೆ ಒಂದು ಗೇಣು ದೂರದಲ್ಲಿ ಒಂದೊಂದೇ ಹಾಳೆಯನ್ನು ಹಿಡಿದು, ಚುಕ್ಕೆ ಬಿದ್ದ ಮೇಲೆ ತಂತಿಗೆ ಒಣಹಾಕಿದರು. ಮಸಿಗೂ ಮಸಿಗೂ ಭೇದವುಂಟು. ಎಣ್ಣೆ ಸುಟ್ಟ ಮಸಿಯಾದರೆ ಹಾಳೆ ಒಣಗಿದ ಮೇಲೂ ಬೆಳಕಿಗೆ ಹಿಡಿದಾಗ ದೋಸೆ ಕಟ್ಟಿಕೊಟ್ಟ ಕಾಗದದ ಹಾಗೆ ಅಲ್ಲಲ್ಲಿ ಪಾರದರ್ಶಕವಾಗಿ ಕಾಣುತ್ತದೆ. ಬೆರಳಿಗೆ ಜಿಡ್ಡು ಹತ್ತುತ್ತದೆ. ಪೆಟ್ರೋಲು ಅರೆಬರೆ ಉರಿದ ಮಸಿಯಾದರೆ ಒಣಗಿದ ಮೇಲೆ ಬರಿಯ ಪುಡಿ; ಊದಿದರೆ ಹಾರುತ್ತದೆ, ಉಜ್ಜಿದರೆ ಹಣತೆಯ ಕಾಡಿಗೆಯಂತೆ ನುಣ್ಣಗೆ ಹರಡುತ್ತದೆ. ನಮ್ಮ ಹಾಳೆಗಳಲ್ಲಿ ಇದ್ದದ್ದು ಪುಡಿ. ಜಿಡ್ಡಿನ ಕಲೆ ಒಂದೂ ಇರಲಿಲ್ಲ. ಮೂಸಿ ನೋಡಿದರೆ ಪೆಟ್ರೋಲಿನ ವಾಸನೆ. ರಿಂಗಿನ ವಾದ ಅಲ್ಲಿಗೆ ಅರ್ಧ ಬಿದ್ದಂತಾಯಿತು.

ಇನ್ನು ನೀರು. ಈ ನೀರು ಎಲ್ಲಿಂದ ಬಂತು? ಇದಕ್ಕೆ ಉತ್ತರ ಕೊಟ್ಟದ್ದು ವಿಜ್ಞಾನ ಓದುವ ಗೆಳೆಯನೊಬ್ಬ, ಅದೂ ರೈಲಿನಲ್ಲಿ, ಹಾಸನ ಬರುವ ಮುಂಚೆ. ಪೆಟ್ರೋಲು ಜಲಜನಕ ಮತ್ತು ಇಂಗಾಲ ಸೇರಿ ಆದ ವಸ್ತು. ಅದು ಉರಿಯುವಾಗ ಜಲಜನಕವು ಗಾಳಿಯ ಆಮ್ಲಜನಕವನ್ನು ಕೂಡಿ ನೀರಾಗುತ್ತದೆ. ಒಂದು ಲೀಟರು ಪೆಟ್ರೋಲು ಉರಿದರೆ ಹುಟ್ಟುವ ನೀರು ಹೆಚ್ಚುಕಡಿಮೆ ಒಂದು ಲೀಟರು! ನಾನು ನಂಬಲಿಲ್ಲ, ಅವನು ಟಿಕೆಟ್ಟಿನ ಹಿಂದೆ ಸಮೀಕರಣ ಬರೆದು ತೋರಿಸಿದ. ಕೊಳವೆ ಕಾದಿದ್ದರೆ ಆ ನೀರು ಆವಿಯಾಗಿ ಕಣ್ಣಿಗೆ ಕಾಣದೆ ಹೋಗುತ್ತದೆ. ಕೊಳವೆ ತಣ್ಣಗಿದ್ದರೆ ಸೈಲೆನ್ಸರಿನೊಳಗೇ ಹನಿಗಟ್ಟಿ, ಅಲ್ಲಿ ಕೂತ ಮಸಿಯನ್ನು ಕಲಸಿಕೊಂಡು ಹೊರಗೆ ಸಿಡಿಯುತ್ತದೆ. ಆದ್ದರಿಂದ ಚಳಿಯ ಬೆಳಗಿನಲ್ಲಿ ಚಾಲೂ ಮಾಡಿದೊಡನೆ ಹನಿ ಬಂದರೆ ಅದು ರೋಗವಲ್ಲ. ಗಾಡಿ ಚೆನ್ನಾಗಿ ಕಾದ ಮೇಲೂ ಬಿಳಿಯ ಆವಿ ನಿಲ್ಲದಿದ್ದರೆ, ರೇಡಿಯೇಟರಿನ ನೀರು ದಿನೇ ದಿನೇ ತಗ್ಗುತ್ತಿದ್ದರೆ, ಆಗ ಗ್ಯಾಸ್ಕೆಟ್ಟನ್ನು ಸಂಶಯಿಸಬೇಕು. ಅಪ್ಪ ರೇಡಿಯೇಟರಿನ ನೀರಿನ ಮಟ್ಟಕ್ಕೆ ಒಂದು ಕಡ್ಡಿಯನ್ನು ಅಳತೆ ಮಾಡಿ ಗೀರು ಹಾಕಿಟ್ಟರು. ಎರಡು ದಿನ ಓಡಿಸಿ ನೋಡಿದರೂ ನೀರು ಗೀರಿನಿಂದ ಕದಲಲಿಲ್ಲ. ಇಂಜಿನ್ನು ಓಡುವಾಗ ರೇಡಿಯೇಟರಿನಲ್ಲಿ ಗುಳ್ಳೆಯೂ ಏಳಲಿಲ್ಲ. ಎಣ್ಣೆ ಅಳೆಯುವ ಕಡ್ಡಿಯನ್ನು ಎಳೆದರೆ ಎಣ್ಣೆಯಲ್ಲಿ ಬಿಳುಪಿಲ್ಲ. ಹಾಗಾದರೆ ಮುಚ್ಚಳದ ಒಳಗೆ ಮಾತ್ರ ಮಜ್ಜಿಗೆಯ ಕೆನೆ ಏಕೆ?

"ಅನ್ನದ ಪಾತ್ರೆ ಮುಚ್ಚಳ ತಗ್ದು ನೋಡು. ನೀರು ಎಲ್ಲಿರ್ತದೆ?" ಎಂದರು ಅಪ್ಪ.

ಕಾಯದ ಇಂಜಿನ್ನಿನ ಒಳಗಿನ ತೇವ ತಣ್ಣಗಿನ ಮುಚ್ಚಳಕ್ಕೆ ತಗಲಿ ಹನಿಗಟ್ಟಿ ಎಣ್ಣೆಯೊಡನೆ ಕಡೆದುಕೊಂಡಿತ್ತು, ಅಷ್ಟೆ.

ಆಮೇಲೆ ಪ್ಲಗ್ಗುಗಳನ್ನು ಬಿಚ್ಚಿ ಹಲಗೆಯ ಮೇಲೆ ಸಾಲಾಗಿಟ್ಟರು. ನಾಲ್ಕೂ ಕಪ್ಪು, ನಾಲ್ಕೂ ಒಣ ಮಕಮಲ್ಲಿನಂಥ ಕಪ್ಪು. ನಾನು ನಿರಾಶೆಯಿಂದ, "ನಾಲ್ಕೂ ಕೆಟ್ಟಿದೆಯಲ್ಲಪ್ಪ" ಎಂದೆ. ಅಪ್ಪನ ಮುಖದಲ್ಲಿ ಆ ಬೆಳಿಗ್ಗೆ ಮೊದಲ ಬಾರಿ ನಗೆ ಕಂಡದ್ದು ಆಗಲೇ.

"ನಾಲ್ಕೂ ಒಂದೇ ತರ ಕೆಟ್ರೆ ಒಳ್ಳೇದು ಮಗ. ನಾಲ್ಕು ಮನೆ ನಲ್ಲೀಲೂ ಕೆಂಪು ನೀರು ಬಂದ್ರೆ ನಲ್ಲಿ ಬಿಚ್ತಾರೋ, ಟ್ಯಾಂಕ್ ನೋಡ್ತಾರೋ?"

ನಾನು ಮೂರು ವರ್ಷ ಓದಿದ್ದರಲ್ಲಿ ಇಷ್ಟು ಅಚ್ಚುಕಟ್ಟಾದ ತರ್ಕವನ್ನು ಕಂಡಿಲ್ಲ. ರಿಂಗು ಸವೆದಿದ್ದರೆ ಒಂದು ಸಿಲಿಂಡರಿನಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಮೆ ಇರುತ್ತದೆ. ಪ್ಲಗ್ಗು ಎಣ್ಣೆಯಿಂದ ಮಿಂದಿರುತ್ತದೆ. ಗ್ಯಾಸ್ಕೆಟ್ಟು ಹೋಗಿದ್ದರೆ ಸಾಮಾನ್ಯವಾಗಿ ಅಕ್ಕಪಕ್ಕದ ಎರಡು ಸಿಲಿಂಡರು ಒಟ್ಟಿಗೆ ದುರ್ಬಲವಾಗುತ್ತವೆ. ನಾಲ್ಕೂ ಒಂದೇ ಸಮನಾಗಿ ಮಸಿಯಾಗಿದ್ದರೆ ದೋಷವಿರುವುದು ದಾರಿ ನಾಲ್ಕಾಗಿ ಒಡೆಯುವುದಕ್ಕಿಂತ ಮುಂಚೆ, ಅಂದರೆ ಕಾರ್ಬ್ಯುರೇಟರಿನಲ್ಲಿ ಅಥವಾ ಅದಕ್ಕೆ ಗಾಳಿ ಕೊಡುವ ಕಡೆಯಲ್ಲಿ. ಆದರೂ ಬಾಯಿಮಾತಿಗೆ ಬಿಡದೆ ಅಪ್ಪ ಪರಿಚಯದವರೊಬ್ಬರ ಬಳಿಯಿಂದ ಒತ್ತಡ ಅಳೆಯುವ ಗೇಜನ್ನು ತಂದು ಪ್ಲಗ್ಗಿನ ರಂಧ್ರಗಳಿಗೆ ಒಂದೊಂದಾಗಿ ಒತ್ತಿ ಹಿಡಿದರು. ನಾಲ್ಕೂ 115ರಿಂದ 120 ಪೌಂಡಿನೊಳಗೆ ಬಂದವು. ಅರುವತ್ತು ವರ್ಷದ ಇಂಜಿನ್ನಿಗೆ ಇದು ನಾಚಿಕೆಪಡಬೇಕಾದ ಅಂಕವಲ್ಲ. ಸಿಲಿಂಡರಿಗೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ಅಳೆದಾಗ ಮುಳ್ಳು ಥಟ್ಟನೆ ಮೇಲೇರಿದ್ದರೆ ರಿಂಗಿನ ತಪ್ಪು ಎಂದು ಲೆಕ್ಕ; ಇಲ್ಲಿ ಅಂಥ ಏರಿಕೆ ಕಾಣಲಿಲ್ಲ.

ಒಂದು ತೂಕ ಪೆಟ್ರೋಲು ಪೂರ್ತಿಯಾಗಿ ಉರಿಯಬೇಕಾದರೆ ಸುಮಾರು 14.7 ತೂಕ ಗಾಳಿ ಬೇಕು. ಗಾಳಿ ಕಡಮೆಯಾದರೆ ಇಂಗಾಲ ಉರಿಯದೆ ಮಸಿಯಾಗಿ ಉಳಿಯುತ್ತದೆ. ಸಕಲೇಶಪುರದ ಸೀಮೆ ಸಮುದ್ರಮಟ್ಟದಿಂದ ಸುಮಾರು 950 ಮೀಟರು ಎತ್ತರ. ಇಲ್ಲಿಯ ಗಾಳಿ ಮಂಗಳೂರಿನ ಗಾಳಿಗಿಂತ ಹತ್ತರಲ್ಲಿ ಒಂದು ಪಾಲಿನಷ್ಟು ತೆಳುವು. ಕೆಳಗೆ ಸರಿಯಾಗಿ ಹದಮಾಡಿದ ಕಾರ್ಬ್ಯುರೇಟರು ಶಿರಾಡಿ ಘಾಟಿ ಹತ್ತಿ ಬಂದರೆ ತಾನಾಗಿಯೇ ಸ್ವಲ್ಪ ಪೆಟ್ರೋಲು ಜಾಸ್ತಿ ಕೊಟ್ಟಂತಾಗುತ್ತದೆ. ಆದರೆ ಗೋಡೆ ಕರಿದಾಗುವಷ್ಟು ಅಲ್ಲ.

ಷೆಡ್ಡಿನಲ್ಲಿ ಬೆಳಿಗ್ಗೆ ಚಹಾಕ್ಕೆ ಸೇರುವವರೆಲ್ಲ ಒಕ್ಕೊರಲಿನಿಂದ ದೂರಿದ್ದು ಎಥೆನಾಲನ್ನು. 2025ರ ಹೊತ್ತಿಗೆ ದೇಶದ ಬಂಕುಗಳಲ್ಲೆಲ್ಲ ಪೆಟ್ರೋಲಿಗೆ ಶೇಕಡಾ 20ರಷ್ಟು ಎಥೆನಾಲು ಬೆರೆಯತೊಡಗಿದ ಮೇಲೆ ನಮ್ಮ ಕಡೆ ಟೈರು ಪಂಕ್ಚರಾದರೂ ಅದರ ಮೇಲೆಯೇ ಹಾಕುವುದು ರೂಢಿ. ನ್ಯಾಯವಾಗಿ ಹೇಳಬೇಕೆಂದರೆ ಎಥೆನಾಲಿನಲ್ಲಿ ಅದರದೇ ಆಮ್ಲಜನಕವಿರುವುದರಿಂದ ಅದು ಮಿಶ್ರಣವನ್ನು ತೆಳುವು ಮಾಡುತ್ತದೆಯೇ ಹೊರತು ಗಟ್ಟಿ ಮಾಡುವುದಿಲ್ಲ. ಹಳೆಯ ಗಾಡಿಗಳ ರಬ್ಬರಿಗೂ ಬಿರಡೆಗೂ ಅದು ಒಗ್ಗದೆಂಬುದು ನಿಜ, ನೀರನ್ನು ಹೀರಿಕೊಳ್ಳುತ್ತದೆಂಬುದೂ ನಿಜ. ಮಸಿಗೆ ನೇರ ಹೊಣೆ ಅದಲ್ಲ. ಇನ್ನೊಬ್ಬ ಹಿರಿಯರು, ಹೊಗೆಕೊಳವೆಯ ಒಳಮೈ ಬೂದಿಯ ಬಣ್ಣಕ್ಕಿರಬೇಕು, ಇದು ಕಪ್ಪಗಿದೆ, ಗಾಡಿ ಹೋಯಿತೆಂದೇ ಲೆಕ್ಕ ಎಂದರು. ಅದು ಸೀಸ ಬೆರೆಸಿದ ಪೆಟ್ರೋಲಿನ ಕಾಲದ ಮಾತು. ನಮ್ಮ ದೇಶದಲ್ಲಿ 2000ದಲ್ಲಿ ಸೀಸದ ಪೆಟ್ರೋಲು ನಿಂತಿತು. ಅಂದಿನಿಂದ ಆರೋಗ್ಯವಾದ ಗಾಡಿಯ ಕೊಳವೆಯೂ ಕಪ್ಪಗೇ ಇರುತ್ತದೆ. ಹಿರಿಯರ ಅನುಭವಕ್ಕೆ ನಮಸ್ಕಾರ. ಅದರ ಮೇಲಿನ ತಾರೀಖನ್ನೂ ನೋಡಬೇಕಷ್ಟೆ.

ಈ ಗಾಡಿಯ ಕಾರ್ಬ್ಯುರೇಟರು ಎಸ್.ಯು. ಕಂಪನಿಯದು. ಎಸ್.ಯು. ಎಂದರೆ ಸ್ಕಿನ್ನರ್ ಯೂನಿಯನ್. 1905ರ ಸುಮಾರಿಗೆ ಇದನ್ನು ಕಲ್ಪಿಸಿದವನು ಲಂಡನಿನ ಪಾದರಕ್ಷೆಯ ವರ್ತಕರ ಮನೆತನದವನು. ಅವನ ಮೊದಲ ಯಂತ್ರದಲ್ಲಿ ಇದ್ದದ್ದು ಚರ್ಮದ ತಿದಿ! ಕಮ್ಮಾರನ ಕುಲುಮೆಯ ತಿದಿಯೇ. ಆಮೇಲೆ ಚರ್ಮ ಹೋಗಿ ಲೋಹದ ಪಿಸ್ಟನ್ನು ಬಂತು. ಇಂಜಿನ್ನು ಎಷ್ಟು ಉಸಿರೆಳೆಯುವುದೋ ಅಷ್ಟು ಈ ಪಿಸ್ಟನ್ನು ಮೇಲೇಳುತ್ತದೆ. ಅದರ ಕೆಳಗೆ ಒಂದು ಮೊನಚಾದ ಸೂಜಿ. ಸೂಜಿ ಇಳಿಯುವುದು ಜೆಟ್ಟೆಂಬ ಸಣ್ಣ ಹಿತ್ತಾಳೆಯ ಕೊಳವೆಯೊಳಕ್ಕೆ. ಸೂಜಿ ಎದ್ದಷ್ಟೂ ಸಂದು ಹಿಗ್ಗಿ ಪೆಟ್ರೋಲು ಹೆಚ್ಚು ಬರುತ್ತದೆ. ಚಳಿಯಲ್ಲಿ ಚೋಕು ಎಳೆದರೆ ಬೇರೆ ಗಾಡಿಗಳಲ್ಲಿ ಗಾಳಿಯ ದಾರಿ ಮುಚ್ಚಿಕೊಳ್ಳುತ್ತದೆ. ಇದರಲ್ಲಿ ಹಾಗಲ್ಲ, ಜೆಟ್ಟೇ ಕೆಳಕ್ಕಿಳಿಯುತ್ತದೆ. ಚೋಕನ್ನು ಒಳಕ್ಕೆ ತಳ್ಳಿದರೆ ಜೆಟ್ಟು ತಿರುಗಿ ಮೇಲಕ್ಕೆ ಬರಬೇಕು.

ಗೌಡರಲ್ಲಿ ಗಾಡಿಯ ಜೊತೆಗೆ ಬಂದ ಇಂಗ್ಲಿಷ್ ಕೈಪಿಡಿ ಇನ್ನೂ ಇತ್ತು. ಹುಳು ತಿಂದ ಆ ಪುಸ್ತಕವನ್ನು ನಾನು ಕನ್ನಡದಲ್ಲಿ ಓದಿ ಹೇಳುತ್ತಿದ್ದೆ, ಅಪ್ಪ ಕೆಳಗೆ ಮಲಗಿ ಕೇಳುತ್ತಿದ್ದರು. ನಮ್ಮ ಮನೆಯಲ್ಲಿ ಪುಸ್ತಕ ನೋಡಿ ಗಾಡಿ ರಿಪೇರಿ ಮಾಡಿದ್ದು ಅದೇ ಮೊದಲು. ಪಿಸ್ಟನ್ನನ್ನು ಒಂದು ಅಂಗುಲದ ಮೂವತ್ತೆರಡನೆಯ ಒಂದು ಪಾಲು ಎತ್ತಬೇಕು ಎಂದು ಓದಿದೆ. "ಅಂದ್ರೆ ಹತ್ತು ಪೈಸೆ ದಪ್ಪ" ಎಂದರು. ಎತ್ತಿದಾಗ ಇಂಜಿನ್ನಿನ ವೇಗ ಒಂದು ಕ್ಷಣ ಏರಿ ಮತ್ತೆ ಮೊದಲಿನಂತಾದರೆ ಮಿಶ್ರಣ ಸರಿಯಾಗಿದೆ. ಇಂಜಿನ್ನು ನಿಂತೇಹೋದರೆ ಪೆಟ್ರೋಲು ಕಡಮೆ. ಏರಿದ ವೇಗ ಏರಿಯೇ ಇದ್ದರೆ ಪೆಟ್ರೋಲು ಜಾಸ್ತಿ. ಅಪ್ಪ ಎತ್ತಿದರು. ವೇಗ ಏರಿತು, ಇಳಿಯಲಿಲ್ಲ. ಚೋಕಿನ ಗುಂಡಿ ಪೂರ್ತಿ ಒಳಗೇ ಇದೆ. ಅಪ್ಪ ಬೆರಳನ್ನು ಕಾರ್ಬ್ಯುರೇಟರಿನ ಕೆಳಗೆ ತೂರಿಸಿ ಜೆಟ್ಟನ್ನು ಮೆಲ್ಲನೆ ಮೇಲಕ್ಕೆ ಒತ್ತಿದರು. ತಿಂಗಳುಗಟ್ಟಲೆ ಗಂಟಲು ಕಟ್ಟಿ ಮಾತಾಡುತ್ತಿದ್ದವನು ಒಮ್ಮೆ ಕ್ಯಾಕರಿಸಿದ ಮೇಲೆ ದನಿ ಬಿಡುವಂತೆ ಇಂಜಿನ್ನು ಹಗುರವಾಯಿತು. ಬೆರಳು ತೆಗೆದರು, ಜೆಟ್ಟು ನಿಂತಲ್ಲೇ ನಿಂತಿತು. ಚೋಕು ಎಳೆದು ಬಿಟ್ಟರು. ಜೆಟ್ಟು ಇಳಿಯಿತು, ಏರಲಿಲ್ಲ, ಕೆಮ್ಮು ಮರಳಿತು. ಮೂರು ಸಲ ಹೀಗೆ ಮಾಡಿದರು. ಒಂದು ಸಲ ನನ್ನ ಬೆರಳನ್ನೂ ಹಿಡಿದು ಅಲ್ಲಿಡಿಸಿದರು.

ಬಿಚ್ಚಿ ನೋಡಿದಾಗ ಜೆಟ್ಟಿನ ಸುತ್ತ ಸೋರದಂತೆ ಹಿಡಿಯುವ ಬಿರಡೆಯ ಬಳೆ ಉಬ್ಬಿ ಗೋಂದು ಹಿಡಿದಿತ್ತು. ಅದರ ಮೇಲೆ ಎಥೆನಾಲಿನ ಪ್ರಭಾವವಿದ್ದರೂ ಇರಬಹುದು, ಬಿರಡೆಗೆ ವಯಸ್ಸಾದದ್ದೂ ಹೌದು. ಗಾಳಿ ಸೋಸುವ ಜಾಲರಿಯಲ್ಲಿ ಕಣದ ಧೂಳು ಗಟ್ಟಿಯಾಗಿ ಕೂತಿತ್ತು. ಇಷ್ಟಾದರೂ ಅಪ್ಪನಿಗೆ ಸಮಾಧಾನವಿಲ್ಲ. ಗೌಡರು ಚೋಕನ್ನು ಅಷ್ಟೊಂದು ಹೊತ್ತು ಎಳೆದು ಓಡಿಸುವುದೇಕೆ? ಗಾಡಿ ಕಾಯುವುದೇ ಇಲ್ಲವೆಂದು ಅವರು ಹೇಳಿದ್ದರು. ಹೆಡ್ಡಿನ ಮುಂದೆ ನೀರಿನ ದಾರಿಯಲ್ಲಿರುವ ಮುಚ್ಚಳವನ್ನು ಬಿಚ್ಚಿದರು. ಅಲ್ಲಿ ಥರ್ಮೋಸ್ಟಾಟು ಇರಬೇಕು, ಗೂಡಿತ್ತು, ಹಕ್ಕಿಯಿರಲಿಲ್ಲ. ಹಿಂದೆ ಯಾರೋ ಮೆಕ್ಯಾನಿಕ್ಕು ಕಿತ್ತು ಎಸೆದಿದ್ದಾನೆ. ನಮ್ಮದು ಬಿಸಿಲಿನ ದೇಶ, ಇಂಜಿನ್ನು ತಣ್ಣಗಿದ್ದಷ್ಟೂ ಒಳ್ಳೆಯದೆಂಬ ನಂಬಿಕೆಯಿಂದ ಹೀಗೆ ಕಿತ್ತೆಸೆಯುವ ಪದ್ಧತಿ ಉಂಟು. ರಾಯಚೂರಿನ ಮೇ ತಿಂಗಳಿಗೆ ಆ ವಾದವನ್ನು ಬೇಕಾದರೆ ಕೇಳೋಣ. ಬಾಳ್ಳುಪೇಟೆಯ ಜನವರಿಯಲ್ಲಿ ಎರಡು ಮೈಲಿ ಓಡುವ ಗಾಡಿಗೆ ಅದು ಸಲ್ಲದು. ಥರ್ಮೋಸ್ಟಾಟು ಇಲ್ಲದೆ ಇಂಜಿನ್ನು ಕಾಯಲಿಲ್ಲ, ಕಾಯದ್ದರಿಂದ ಚೋಕು, ಚೋಕು ಎಳೆದ ಮೇಲೆ ಜೆಟ್ಟು ಹಿಂದಿರುಗಲಿಲ್ಲ, ಅದರಿಂದ ಮಸಿ. ಕೊಳವೆಯೂ ಕಾಯದ್ದರಿಂದ ನೀರು. ಎಲ್ಲ ಕೂಡಿ ಬೀಗರ ಪಂಚೆ.

ಎಣ್ಣೆ ಅಳೆಯುವ ಕಡ್ಡಿಯಲ್ಲಿ ಪೆಟ್ರೋಲಿನ ವಾಸನೆಯೂ ಇತ್ತು. ಉರಿಯದ ಪೆಟ್ರೋಲು ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದು ಕೆಳಗಿಳಿದಿತ್ತು. ಹೀಗೇ ಇನ್ನಷ್ಟು ತಿಂಗಳು ಓಡಿಸಿದ್ದರೆ ರಿಂಗು ನಿಜವಾಗಿಯೂ ಸವೆದು ಎರಡನೆಯ ಗ್ಯಾರೇಜಿನವರ ಮಾತು ಸತ್ಯವಾಗುತ್ತಿತ್ತು. ಅಪ್ಪ ಎಣ್ಣೆಯನ್ನೆಲ್ಲ ಇಳಿಸಿ ಹೊಸದು ಹೊಯ್ದರು.

ಬಿರಡೆಯ ಬಳೆಯೂ ಥರ್ಮೋಸ್ಟಾಟೂ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಬಸ್ಸಿನಲ್ಲಿ ಬಂದವು. ಹೊಸ ಥರ್ಮೋಸ್ಟಾಟನ್ನು ಹಾಗೆಯೇ ಹಾಕುವವರಲ್ಲ ಅಪ್ಪ. ಅಮ್ಮನ ಪಾತ್ರೆಯೊಂದರಲ್ಲಿ ನೀರು ಕಾಯಿಸಿ, ಅದನ್ನು ದಾರ ಕಟ್ಟಿ ಇಳಿಬಿಟ್ಟು, ಬಾಯಿ ತೆರೆಯುವುದನ್ನು ಕಣ್ಣಾರೆ ಕಂಡರು. ನಮ್ಮೂರ ಎತ್ತರದಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಥರ್ಮೋಸ್ಟಾಟು ಅದಕ್ಕೆ ಬಹಳ ಮುಂಚೆ, 80ರ ಆಸುಪಾಸಿನಲ್ಲಿ ತೆರೆಯಬೇಕು. ತೆರೆಯಿತು. ಆ ಪಾತ್ರೆಯಲ್ಲಿ ಇನ್ನು ಸಾರು ಮಾಡುವುದಿಲ್ಲವೆಂದು ಅಮ್ಮ ಹೇಳಿದರು. ಅದು ಈಗ ಷೆಡ್ಡಿನಲ್ಲಿಯೇ ಇದೆ.

ಎಲ್ಲವನ್ನೂ ಜೋಡಿಸಿ, ಜೆಟ್ಟಿನ ತಿರುಪನ್ನು ಒಂದೊಂದೇ ಮುಖ ತಿರುಗಿಸಿ ಹದಮಾಡಿ, ಗೌಡರನ್ನೇ ಚಾಲಕರನ್ನಾಗಿ ಕೂರಿಸಿಕೊಂಡು ಸಕಲೇಶಪುರ ದಾಟಿ ದೋಣಿಗಾಲಿನವರೆಗೆ ಹೋದೆವು. ಟಿಪ್ಪುವಿನ ಮಂಜರಾಬಾದ್ ಕೋಟೆಯ ಕೆಳಗೆ ಗಾಡಿ ನಿಲ್ಲಿಸಿ ಅಪ್ಪ ಕೊಳವೆಯ ಬಾಯಿಗೆ ಕಾಗದ ಹಿಡಿದರು. ಚುಕ್ಕೆಯಿಲ್ಲ. ಒಂದು ಪ್ಲಗ್ಗು ಬಿಚ್ಚಿದರು. ಅದು ಕಾಫಿ ಪುಡಿಯ ತಿಳಿಬಣ್ಣಕ್ಕೆ ತಿರುಗುತ್ತಿತ್ತು. ಗೌಡರು ಅದನ್ನು ಕೈಯಲ್ಲಿ ಹಿಡಿಯಲು ಹೋಗಿ, ಬಿಸಿಗೆ ಕೈ ಒದರಿ, ಮತ್ತೆ ಹಿಡಿದು ನೋಡಿದರು.

ಮರುದಿನ ಬೆಳಿಗ್ಗೆ ಏಳಕ್ಕೇ ಅವರ ಫೋನು: "ಮೇಸ್ತ್ರೀ, ನೀರು ಇನ್ನೂ ತೊಟ್ಟಿಕ್ತಾ ಐತಲ್ಲ!"

"ಕರ್ರಗೈತಾ ಗೌಡ್ರೇ?"

"ಇಲ್ಲ, ಬರೀ ನೀರು. ಒಂಚೂರು ಬೂದಿ ಬಣ್ಣ."

"ಅದು ಪೆಟ್ರೋಲಿಂದೇ ನೀರು. ಎರಡ್ ಮೈಲಿಗೆ ನಿಲ್ಲಿಸ್ಬ್ಯಾಡಿ. ವಾರಕ್ಕೊಂದ್ಸಲ ಹಾಸನಕ್ಕೋಗಿ ಬನ್ನಿ, ಒಣಗ್ತದೆ."

ಪೆಟ್ರೋಲಿನಿಂದ ನೀರು ಹೇಗೆ ಎಂಬುದನ್ನು ವಿವರಿಸುವ ಭಾರ ನನ್ನ ಮೇಲೆ ಬಿತ್ತು. ಗೆಳೆಯನ ಸಮೀಕರಣವನ್ನು ಫೋನಿನಲ್ಲಿ ಹೇಳಿದೆ. ಗೌಡರು ಪೂರ್ತಿ ಕೇಳಿ, "ಆಗ್ಲಪ್ಪ, ನೀವು ಓದಿದೋರು" ಎಂದರು. ನಂಬಿದಂತೆ ತೋರಲಿಲ್ಲ. ಆದರೆ ಈಗ ಅವರು ವಾರಕ್ಕೊಮ್ಮೆ ಹಾಸನಕ್ಕೆ ಬರುತ್ತಾರೆ. ಎರಡು ಬಾರಿ ನನ್ನನ್ನು ಕಾಲೇಜಿನ ಗೇಟಿನವರೆಗೆ ಬಿಟ್ಟೂ ಹೋಗಿದ್ದಾರೆ. ಗೇಟಿನಲ್ಲಿ ಆ ಗಾಡಿಯನ್ನು ನೋಡಿ ಸೀಟಿ ಹೊಡೆದ ಮಿತ್ರರಿಗೆ ಇಷ್ಟು ವಿವರ ಸಲ್ಲಬೇಕಾಗಿತ್ತು.

ಬಿಲ್ಲು ಬರೆದದ್ದು ನಾನು. ಬಿರಡೆಯ ಬಳೆ, ಥರ್ಮೋಸ್ಟಾಟು, ಎಣ್ಣೆ, ಬಸ್ಸಿನ ಸಾಗಾಣಿಕೆ, ನಾಲ್ಕು ದಿನದ ಕೂಲಿ. ಐದನೆಯ ಸಾಲಿನ ಕೆಳಗೆ 'ರೋಗ ಕಂಡುಹಿಡಿದದ್ದಕ್ಕೆ' ಎಂದು ಇನ್ನೊಂದು ಸಾಲು ಬರೆದು ಮೊತ್ತ ಎಷ್ಟೆಂದು ಅಪ್ಪನನ್ನು ಕೇಳಿದೆ. ಅವರು ಹಾಳೆಯನ್ನು ತೆಗೆದುಕೊಂಡು, ಆ ಸಾಲನ್ನು ಹೊಡೆದುಹಾಕಿ, ತಮ್ಮ ಹೆಬ್ಬೆರಳಿನ ಮಸಿ ಗುರುತಿನ ಸಮೇತ ಗೌಡರಿಗೆ ಕೊಟ್ಟರು.